2,400 ಪುಟ, ನಾಲ್ಕು ಕೋರ್: ಫೈಲ್ ಕೆಲಸವನ್ನು ಹಂಚಿ ಮಾಡುವ ಬಗೆ

ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಟ್ಟುಕೊಂಡವರಿಗೆ ಈ ಲೆಕ್ಕ ಪರಿಚಿತ. ಹನ್ನೆರಡು ಪುಸ್ತಕ, ಒಂದೊಂದರಲ್ಲಿ ಇನ್ನೂರು ಪುಟ, ಒಟ್ಟು 2,400 ಚಿತ್ರಗಳು. ಒಂದು ಪುಟದ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸಲು ಓಸಿಆರ್ ತಂತ್ರಾಂಶಕ್ಕೆ 6 ಸೆಕೆಂಡ್ ಬೇಕು ಎಂದಿಟ್ಟುಕೊಳ್ಳಿ. 14,400 ಸೆಕೆಂಡ್ ಆಯಿತು. ಸರಿಯಾಗಿ 4 ಗಂಟೆ. ರಾತ್ರಿ ಊಟ ಮುಗಿಸಿ, ಪ್ರೋಗ್ರಾಂ ಓಡಲು ಬಿಟ್ಟು ಮಲಗುತ್ತೇವೆ. ನಡುರಾತ್ರಿ ಕರೆಂಟ್ ಹೋದರೆ ಬೆಳಿಗ್ಗೆ ಮತ್ತೆ ಮೊದಲ ಪುಟದಿಂದ ಶುರು.

ಇಂದಿನ ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ನಾಲ್ಕು ಕೋರ್ ಇರುತ್ತದೆ, ಹಲವುಗಳಲ್ಲಿ ಎಂಟು. ಆದರೆ ‘ಒಂದು ಪುಟ ತೆಗೆದುಕೋ, ಓದು, ಬರೆ, ಮುಂದಿನದಕ್ಕೆ ಹೋಗು’ ಎಂದು ಬರೆದ ಪ್ರೋಗ್ರಾಂ ಪುಟಗಳನ್ನೆಲ್ಲ ಒಂದೇ ಕೋರ್‌ನ ಕಿಟಕಿಯ ಮುಂದೆ ಸಾಲಾಗಿ ನಿಲ್ಲಿಸುತ್ತದೆ. ಉಳಿದ ಕಿಟಕಿಗಳನ್ನೂ ತೆರೆಯುವುದು ಹೇಗೆ, ಯಾವಾಗ ತೆರೆದರೂ ಉಪಯೋಗವಿಲ್ಲ, ತೆರೆದಾಗ ಏನೇನು ಎಡವಟ್ಟಾಗುತ್ತದೆ ಎಂಬುದನ್ನು ಈ ಲೇಖನದಲ್ಲಿ ಹೇಳುತ್ತೇನೆ. ಪೈಥಾನ್ ಅಥವಾ ಲಿನಕ್ಸ್ ಟರ್ಮಿನಲ್‌ನ ಅಲ್ಪಸ್ವಲ್ಪ ಬಳಕೆ ಗೊತ್ತಿದ್ದರೆ ಸಾಕು.

ಮಲೆನಾಡಿನ ನಮ್ಮ ಮನೆಯಲ್ಲಿ ಹಲಸಿನ ಹಪ್ಪಳದ ದಿನ ಬೆಳಗಿನಿಂದಲೇ ಗಡಿಬಿಡಿ. ಒಬ್ಬರು ಬೇಯಿಸಿದ ತೊಳೆಯನ್ನು ಒರಳಿಗೆ ಹಾಕಿ ಗುದ್ದುತ್ತಾರೆ, ಒಬ್ಬರು ಉಂಡೆ ಕಟ್ಟುತ್ತಾರೆ, ಮೂವರು ಮಣೆಯ ಮೇಲೆ ಒತ್ತುತ್ತಾರೆ, ಮಕ್ಕಳು ಅಂಗಳದ ಚಾಪೆಗೆ ಸಾಗಿಸುತ್ತಾರೆ. ಒತ್ತುವವರು ಮೂವರ ಬದಲು ಆರು ಮಂದಿಯಾದರೆ ಹಪ್ಪಳ ಇಮ್ಮಡಿ ಬೇಗ ಆಗುತ್ತದೆಯೇ? ಒರಳು ಒಂದೇ ಇದ್ದರೆ ಆಗುವುದಿಲ್ಲ. ಹಿಟ್ಟು ಬರುವ ತನಕ ಆರೂ ಮಂದಿ ಕೈಕಟ್ಟಿ ಕೂರಬೇಕು. ಹಿಟ್ಟು ರಾಶಿ ಬಿದ್ದು ಒತ್ತುವ ಕೈ ಸಾಲದಾದಾಗ ಮಾತ್ರ ಪಕ್ಕದ ಮನೆಯವರನ್ನು ಕರೆಯುವುದರಲ್ಲಿ ಅರ್ಥವಿದೆ. ಪ್ರೋಗ್ರಾಂ ಬರೆಯುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಅದೇ: ಈಗ ಯಾರು ಯಾರಿಗಾಗಿ ಕಾಯುತ್ತಿದ್ದಾರೆ?

ಕಾಯುತ್ತಿರುವವರು ಯಾರು?

ಇದನ್ನು ಊಹಿಸಬೇಕಿಲ್ಲ, ಅಳೆಯಬಹುದು. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಯಾವುದೇ ಆಜ್ಞೆಯ ಮುಂದೆ ‘ಟೈಮ್’ ಎಂದು ಸೇರಿಸಿ ಓಡಿಸಿದರೆ ಕೊನೆಯಲ್ಲಿ ಮೂರು ಅಂಕಿ ಬರುತ್ತವೆ. ‘ರಿಯಲ್’ ಎಂದರೆ ಗೋಡೆ ಗಡಿಯಾರದಲ್ಲಿ ಕಳೆದ ಹೊತ್ತು. ‘ಯೂಸರ್’ ಮತ್ತು ‘ಸಿಸ್’ ಎರಡನ್ನೂ ಕೂಡಿದರೆ ಪ್ರೊಸೆಸರ್ ನಿಜವಾಗಿ ದುಡಿದ ಹೊತ್ತು. ರಿಯಲ್ 120 ಸೆಕೆಂಡ್ ಇದ್ದು ಉಳಿದೆರಡರ ಮೊತ್ತ 15 ಸೆಕೆಂಡ್ ಎಂದರೆ, 105 ಸೆಕೆಂಡ್ ಪ್ರೊಸೆಸರ್ ಸುಮ್ಮನೆ ಕುಳಿತಿತ್ತು; ಡಿಸ್ಕ್‌ಗೋ ಇಂಟರ್ನೆಟ್‌ಗೋ ಕಾಯುತ್ತಿತ್ತು. ರಿಯಲ್ ಮತ್ತು ಆ ಮೊತ್ತ ಹೆಚ್ಚುಕಡಿಮೆ ಸಮ ಇದ್ದರೆ ಒಂದು ಕೋರ್ ಪೂರ್ತಿ ದುಡಿಯುತ್ತಿದೆ, ಉಳಿದವು ಖಾಲಿ. ಮೊತ್ತವೇ ರಿಯಲ್‌ಗಿಂತ ಹೆಚ್ಚಿದ್ದರೆ ತಂತ್ರಾಂಶ ಆಗಲೇ ಒಂದಕ್ಕಿಂತ ಹೆಚ್ಚು ಕೋರ್‌ಗಳನ್ನು ಬಳಸುತ್ತಿದೆ. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಳೆಯುವಾಗ ಒಂದು ಎಚ್ಚರ. ಒಮ್ಮೆ ಓದಿದ ಫೈಲನ್ನು ಆಪರೇಟಿಂಗ್ ಸಿಸ್ಟಂ ಖಾಲಿಯಿರುವ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಹಾಗಾಗಿ ಅದೇ ಇಪ್ಪತ್ತು ಪುಟಗಳ ಮೇಲೆ ಎರಡನೆಯ ಸಲ ಓಡಿಸಿದಾಗ ಡಿಸ್ಕ್ ಮುಟ್ಟದೆಯೇ ಕೆಲಸ ಮುಗಿದು, ನಾವು ಮಾಡಿದ ಬದಲಾವಣೆಯಿಂದಲೇ ವೇಗ ಬಂತು ಎಂಬ ಭ್ರಮೆ ಹುಟ್ಟುತ್ತದೆ. ಪ್ರತಿ ಪರೀಕ್ಷೆಗೂ ಬೇರೆ ಇಪ್ಪತ್ತು ಪುಟ ತೆಗೆದುಕೊಳ್ಳಿ.

ಕಾಯುವಿಕೆ ಯಾವ ಜಾತಿಯದು ಎಂಬುದರ ಮೇಲೆ ಮದ್ದು ಬೇರೆಯಾಗುತ್ತದೆ. ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಹಳೆಯ ಕನ್ನಡ ಪುಸ್ತಕಗಳನ್ನು ಇಳಿಸಿಕೊಳ್ಳುವಾಗ ನಾವು ಕಾಯುವುದು ದೂರದ ಸರ್ವರ್‌ನ ಉತ್ತರಕ್ಕೆ. ಅಲ್ಲಿ ಪ್ರೊಸೆಸರ್‌ನ ಬಲ ಬೇಕಿಲ್ಲ; ಒಂದು ಕೋರ್‌ನಲ್ಲೇ ಮೂರು ನಾಲ್ಕು ಕೋರಿಕೆಗಳನ್ನು ಒಟ್ಟಿಗೆ ಕಳಿಸಿ, ಯಾವುದು ಮೊದಲು ಬರುತ್ತದೋ ಅದನ್ನು ಮೊದಲು ಉಳಿಸಿಕೊಂಡರಾಯಿತು. ಮೂವತ್ತು ನಲವತ್ತು ಕಳಿಸುವುದು ಬೇಡ. ಅದು ಸಾರ್ವಜನಿಕ ಸೇವೆ. ನಮ್ಮ ಅವಸರದಿಂದ ಬೇರೆ ಓದುಗರಿಗೆ ತೊಂದರೆಯಾಗಬಾರದು. ಓಸಿಆರ್‌ನದು ಬೇರೆ ಕತೆ. ಒಂದೆರಡು ಎಂಬಿಯ ಪುಟವನ್ನು ಡಿಸ್ಕ್‌ನಿಂದ ಓದಲು ಕಣ್ಣುರೆಪ್ಪೆ ಮುಚ್ಚಿ ತೆಗೆಯುವಷ್ಟು ಹೊತ್ತೂ ಬೇಡ; ಉಳಿದ ಹೊತ್ತೆಲ್ಲ ಲೆಕ್ಕಾಚಾರಕ್ಕೇ ಹೋಗುತ್ತದೆ. ಇಲ್ಲಿ ಕೋರ್‌ಗಳನ್ನು ಕೆಲಸಕ್ಕೆ ಕರೆಯಲೇಬೇಕು.

ಟೆಸ್ಸರಾಕ್ಟ್‌ನ ಒಳಗಿನ ನಾಲ್ಕು ಕೈಗಳು

ಕನ್ನಡ ಪುಟಗಳಿಗೆ ಉಚಿತವಾಗಿ ಸಿಗುವ ಓಸಿಆರ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಟೆಸ್ಸರಾಕ್ಟ್. ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ 1980ರ ದಶಕದಲ್ಲಿ ಹುಟ್ಟಿ, 2005ರಲ್ಲಿ ಮುಕ್ತ ತಂತ್ರಾಂಶವಾಗಿ, ಆಮೇಲೆ ಗೂಗಲ್‌ನ ಆಸರೆಯಲ್ಲಿ ಬೆಳೆದದ್ದು. 2018ರಲ್ಲಿ ಬಂದ 4ನೆಯ ಆವೃತ್ತಿಯಿಂದ ಅದು ನರಜಾಲದ ಮಾದರಿಗಳನ್ನು ಬಳಸುತ್ತದೆ. ಒಂದು ಪುಟವನ್ನು ಬೇಗ ಮುಗಿಸಲೆಂದು, ನಮ್ಮನ್ನು ಕೇಳದೆಯೇ ನಾಲ್ಕು ಥ್ರೆಡ್‌ಗಳವರೆಗೆ, ಅಂದರೆ ಒಟ್ಟಿಗೆ ದುಡಿಯುವ ನಾಲ್ಕು ಕೈಗಳವರೆಗೆ, ತೆರೆದುಕೊಳ್ಳುತ್ತದೆ.

ಒಂದೇ ಪುಟ ಓದಿಸುವವರಿಗೆ ಇದು ಒಳ್ಳೆಯದೇ. ಸಾವಿರ ಪುಟ ಓದಿಸುವವರಿಗೆ ಇದೇ ಮುಳ್ಳು. ನಾಲ್ಕು ಕೋರ್ ಇದೆಯೆಂದು ನಾಲ್ಕು ಟೆಸ್ಸರಾಕ್ಟ್‌ಗಳನ್ನು ಒಟ್ಟಿಗೆ ಓಡಿಸಿದರೆ, ಒಂದೊಂದೂ ನಾಲ್ಕು ಥ್ರೆಡ್ ತೆರೆದು ಹದಿನಾರಾಗುತ್ತವೆ. ನಾಲ್ಕು ಮಣೆಗೆ ಹದಿನಾರು ಮಂದಿ ನುಗ್ಗಿದ ಹಾಗೆ. ಕೆಲಸಕ್ಕಿಂತ ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಡುವುದಕ್ಕೇ ಹೊತ್ತು ಹೋಗುತ್ತದೆ. ‘ಕೋರ್‌ಗಳಿಗೆ ಹಂಚಿದೆ, ಆದರೂ ವೇಗ ಬರಲಿಲ್ಲ’ ಎಂದು ಬೇಸರಿಸಿ ಬಿಟ್ಟವರನ್ನು ನಾನು ಕಂಡಿದ್ದೇನೆ. ಕಾರಣ ಬಹುಪಾಲು ಇದೇ ಆಗಿರುತ್ತದೆ. ಒಂದು ಪುಟಕ್ಕೆ ‘ಟೈಮ್’ ಹಚ್ಚಿ ನೋಡಿದರೆ ಯೂಸರ್ ಅಂಕಿ ರಿಯಲ್‌ಗಿಂತ ದೊಡ್ಡದಾಗಿ ಕಂಡು ಗುಟ್ಟು ಹೊರಬೀಳುತ್ತದೆ.

ಪರಿಹಾರ ಒಂದು ಸಾಲಿನದು. ‘ಓಎಂಪಿ ಥ್ರೆಡ್ ಲಿಮಿಟ್’ ಎಂಬ ಪರಿಸರ ಚರಕ್ಕೆ 1 ಎಂಬ ಬೆಲೆ ಕೊಡಿ. ಇಂಗ್ಲಿಷಿನಲ್ಲಿ ಬರೆಯುವಾಗ ಎಲ್ಲ ದೊಡ್ಡಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್. ಆಗ ಪ್ರತಿ ಟೆಸ್ಸರಾಕ್ಟ್ ಒಂದೇ ಥ್ರೆಡ್‌ನಲ್ಲಿ ದುಡಿಯುತ್ತದೆ; ಕೋರ್‌ಗೊಂದರಂತೆ ನಾಲ್ಕನ್ನು ಓಡಿಸಿ. ಟೆಸ್ಸರಾಕ್ಟ್‌ನ ಕೈಪಿಡಿ ಕೂಡ ಪುಟಗಳ ದೊಡ್ಡ ಗಂಟಿಗೆ ಇದನ್ನೇ ಹೇಳುತ್ತದೆ. ಒಂದು ಪುಟವನ್ನು ನಾಲ್ವರು ಹರಿದು ಹಂಚಿಕೊಳ್ಳುವುದಕ್ಕಿಂತ ನಾಲ್ಕು ಪುಟಗಳನ್ನು ನಾಲ್ವರು ತಲೆಗೊಂದರಂತೆ ಎತ್ತಿಕೊಳ್ಳುವುದರಲ್ಲಿ ಮಾತುಕತೆ ಕಡಿಮೆ, ದುಡಿಮೆ ಹೆಚ್ಚು.

ಇದಕ್ಕೆ ಪ್ರೋಗ್ರಾಂ ಬರೆಯಲೇಬೇಕೆಂದಿಲ್ಲ. ಲಿನಕ್ಸ್‌ನ ‘ಎಕ್ಸ್ಆರ್ಗ್ಸ್’ ಆಜ್ಞೆಗೆ ದೊಡ್ಡಕ್ಷರದ ‘ಪಿ’ ಆಯ್ಕೆಯ ಜೊತೆ 4 ಎಂದು ಕೊಟ್ಟರೆ, ಪಟ್ಟಿಯಲ್ಲಿರುವ ಫೈಲ್‌ಗಳನ್ನು ನಾಲ್ಕು ನಾಲ್ಕಾಗಿ ಓಡಿಸುತ್ತಾ, ಒಂದು ಮುಗಿದೊಡನೆ ಇನ್ನೊಂದನ್ನು ಎತ್ತಿಕೊಳ್ಳುತ್ತದೆ. ಚಿಕ್ಕಕ್ಷರದ ‘ಎನ್’ ಆಯ್ಕೆಗೆ 1 ಕೊಡಿ, ಒಂದು ಸಲಕ್ಕೆ ಒಂದೇ ಪುಟ ಹೋಗಲಿ. ಫೈಲ್ ಹೆಸರಿನೊಳಗೆ ಖಾಲಿ ಜಾಗ ಇದ್ದರೆ ಎಕ್ಸ್ಆರ್ಗ್ಸ್ ಒಂದು ಹೆಸರನ್ನು ಎರಡೆಂದು ತಿಳಿಯುತ್ತದೆ. ‘ಫೈಂಡ್’ ಆಜ್ಞೆಯ ‘ಪ್ರಿಂಟ್0’ ಮತ್ತು ಎಕ್ಸ್ಆರ್ಗ್ಸ್‌ನ ‘0’ ಆಯ್ಕೆಗಳನ್ನು ಜೋಡಿಯಾಗಿ ಬಳಸಿದರೆ ಆ ಕಾಟ ಇರುವುದಿಲ್ಲ.

ಪೈಥಾನ್‌ನಲ್ಲಿ: ಥ್ರೆಡ್ಡೋ ಪ್ರೊಸೆಸ್ಸೋ?

ಪೈಥಾನ್ ಬರೆಯುವವರಿಗೆ ‘ಕನ್‌ಕರೆಂಟ್ ಫ್ಯೂಚರ್ಸ್’ ಎಂಬ ಗ್ರಂಥಾಲಯ ಭಾಷೆಯ ಜೊತೆಯಲ್ಲೇ ಬರುತ್ತದೆ, 2011ರ 3.2 ಆವೃತ್ತಿಯಿಂದ ಇದೆ. ಅದರಲ್ಲಿ ಕೆಲಸಗಾರರ ಎರಡು ಬಗೆಯ ಗುಂಪುಗಳಿವೆ. ಥ್ರೆಡ್‌ಗಳ ಗುಂಪು ಒಂದೇ ಮನೆಯೊಳಗೆ, ಒಂದೇ ಮೆಮೊರಿಯಲ್ಲಿ ಕೆಲಸ ಮಾಡುತ್ತದೆ. ಪ್ರೊಸೆಸ್‌ಗಳ ಗುಂಪಿನಲ್ಲಿ ಪ್ರತಿಯೊಬ್ಬರಿಗೂ ಬೇರೆ ಮನೆ, ಬೇರೆ ಮೆಮೊರಿ.

ಪೈಥಾನ್‌ನಲ್ಲಿ ಬಹುಕಾಲದಿಂದ ಇರುವ ಒಂದು ಬೀಗವೇ ಇವೆರಡರ ನಡುವೆ ಆರಿಸಿಕೊಳ್ಳುವ ಪ್ರಶ್ನೆಯನ್ನು ತಂದದ್ದು. ಅದನ್ನು ಗಿಲ್ ಎನ್ನುತ್ತಾರೆ. ಒಂದು ಪ್ರೊಸೆಸ್ಸಿನಲ್ಲಿ ಎಷ್ಟೇ ಥ್ರೆಡ್ ಇದ್ದರೂ ಒಂದು ಗಳಿಗೆಯಲ್ಲಿ ಒಂದು ಮಾತ್ರ ಪೈಥಾನ್ ಸಾಲುಗಳನ್ನು ನಡೆಸಬಹುದು. ಹಾಗಾಗಿ ಪದಗಳನ್ನು ಎಣಿಸುವುದು, ಅಕ್ಷರ ಬದಲಿಸುವುದು ಇಂಥ ಲೆಕ್ಕವನ್ನು ಪೈಥಾನ್‌ನಲ್ಲೇ ಬರೆದಿದ್ದರೆ ಎಂಟು ಥ್ರೆಡ್ ಹಾಕಿದರೂ ಒಂದೇ ಕೋರ್‌ನ ವೇಗ. ಅಲ್ಲಿ ಪ್ರೊಸೆಸ್‌ಗಳೇ ಬೇಕು. 2024ರ ಅಕ್ಟೋಬರ್‌ನಲ್ಲಿ ಬಂದ 3.13ರಲ್ಲಿ ಈ ಬೀಗವಿಲ್ಲದ ಪೈಥಾನ್ ಪ್ರಾಯೋಗಿಕವಾಗಿ ಹೊರಬಂತು, ಮರುವರ್ಷದ 3.14ರಲ್ಲಿ ಅದಕ್ಕೆ ಅಧಿಕೃತ ಬೆಂಬಲ ಸಿಕ್ಕಿತು. ಆದರೂ ಸುಮ್ಮನೆ ಇಳಿಸಿಕೊಂಡಾಗ ನಮಗೆ ಸಿಗುವ ಪೈಥಾನ್ ಬೀಗ ಇರುವಂಥದ್ದೇ.

ಹಲವರು ಇಲ್ಲೊಂದು ತಪ್ಪು ತೀರ್ಮಾನಕ್ಕೆ ಬರುತ್ತಾರೆ: ಓಸಿಆರ್ ಎಂದರೆ ಪ್ರೊಸೆಸರ್ ಕೆಲಸ, ಆದ್ದರಿಂದ ಪ್ರೊಸೆಸ್‌ಗಳ ಗುಂಪೇ ಬೇಕು ಎಂದು. ಪೈಥಾನ್‌ನಿಂದ ಟೆಸ್ಸರಾಕ್ಟನ್ನು ಹೊರಗಿನ ಆಜ್ಞೆಯಾಗಿ ಕರೆಯುತ್ತಿದ್ದರೆ ದುಡಿಯುವುದು ಟೆಸ್ಸರಾಕ್ಟ್. ಪೈಥಾನ್ ಥ್ರೆಡ್ ಮಾಡುವುದು ಬಾಗಿಲಲ್ಲಿ ಕಾಯುವ ಕೆಲಸ ಮಾತ್ರ. ಕಾಯುವಾಗ ಅದು ಗಿಲ್ ಬಿಟ್ಟುಕೊಟ್ಟಿರುತ್ತದೆ. ನಾಲ್ಕು ಥ್ರೆಡ್ ಸಾಕು, ನಾಲ್ಕೂ ಕೋರ್ ತುಂಬುತ್ತವೆ, ಪ್ರೋಗ್ರಾಂ ಕೂಡ ಸರಳ. ಆದರೆ ಥ್ರೆಡ್‌ಗಳ ಸಂಖ್ಯೆಯನ್ನು ನೀವೇ ಹೇಳಿ. ಹೇಳದೆ ಬಿಟ್ಟರೆ ಪೈಥಾನ್ ಕೋರ್‌ಗಳಿಗಿಂತ ನಾಲ್ಕು ಹೆಚ್ಚು ಥ್ರೆಡ್ ತೆರೆಯುವುದು ವಾಡಿಕೆ.

ವಿಂಡೋಸ್ ಮತ್ತು ಮ್ಯಾಕ್‌ನಲ್ಲಿ ಪ್ರೊಸೆಸ್‌ಗಳ ಗುಂಪು ಬಳಸುವವರು ಮುಖ್ಯ ಭಾಗವನ್ನು ‘ಮೇನ್’ ಕಾವಲಿನೊಳಗೆ ಬರೆಯುವುದನ್ನು ಮರೆಯಬೇಡಿ. ಪ್ರತಿ ಹೊಸ ಪ್ರೊಸೆಸ್ಸೂ ನಿಮ್ಮ ಫೈಲನ್ನು ಮೊದಲಿಂದ ಓದಿಕೊಳ್ಳುತ್ತದೆ. ಕಾವಲಿಲ್ಲದಿದ್ದರೆ ಅದೂ ಮರಿ ಹಾಕಲು ಹೊರಟು, ಪ್ರೋಗ್ರಾಂ ದೋಷ ತೋರಿಸಿ ನಿಂತುಬಿಡುತ್ತದೆ.

ಇನ್ನೊಂದು ಮಾತು, ಇದು ಪೆಟ್ಟು ತಿಂದ ಮೇಲೆ ಕಲಿತದ್ದು. ಗುಂಪಿಗೆ ‘ಸಬ್ಮಿಟ್’ ಮಾಡಿದ ಕೆಲಸದಲ್ಲಿ ದೋಷ ಬಂದರೆ ಅದು ತಾನಾಗಿ ತೆರೆಯ ಮೇಲೆ ಕಾಣುವುದಿಲ್ಲ. ಆ ಕೆಲಸದ ‘ರಿಸಲ್ಟ್’ ಕೇಳಿದಾಗ ಮಾತ್ರ ಹೊರಬರುತ್ತದೆ. ಕೇಳದೇ ಇದ್ದರೆ ಅರ್ಧ ಪುಸ್ತಕ ಓದಲಾಗದೆ ಹೋದರೂ ಪ್ರೋಗ್ರಾಂ ಎಲ್ಲ ಸರಿಯಾದಂತೆ ಮುಗಿಯುತ್ತದೆ. ಪ್ರತಿಯೊಂದರ ಫಲಿತಾಂಶವನ್ನೂ ಕೇಳಿ, ಕೆಟ್ಟ ಪುಟದ ಹೆಸರನ್ನು ಬೇರೆ ಪಟ್ಟಿಯಲ್ಲಿ ಬರೆದಿಟ್ಟು, ಮುಂದೆ ಹೋಗುವಂತೆ ಮಾಡಿ.

ಬರೆಯುವ ಜಾಗ ಹಂಚಿಕೊಳ್ಳಬೇಡಿ

ವೇಗಕ್ಕಿಂತ ನನಗೆ ಹೆಚ್ಚು ಕಾಳಜಿ ಇರುವುದು ಈ ಭಾಗದ ಬಗ್ಗೆ. ಒಮ್ಮೆ ಒಂದು ಹಳೆಯ ಪುಸ್ತಕದ ಪುಟಗಳನ್ನು ಓದಿಸುವಾಗ ಎಲ್ಲ ಪ್ರೊಸೆಸ್‌ಗಳಿಗೂ ಒಂದೇ ಫೈಲಿನ ಕೊನೆಗೆ ಸೇರಿಸುತ್ತಾ ಹೋಗಲು ಹೇಳಿದ್ದೆ. ಮುಗಿದ ಮೇಲೆ ನೋಡಿದರೆ ಒಂದು ಪುಟದ ಪ್ಯಾರಾದ ನಡುವೆ ಇನ್ನೊಂದು ಪುಟದ ಸಾಲುಗಳು ಕುಳಿತಿದ್ದವು. ಎಷ್ಟು ಕಡೆ ಹೀಗಾಗಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಪೂರ್ತಿ ಕೆಲಸವನ್ನು ಮತ್ತೆ ಮಾಡಿದೆ. ಲಾಕ್ ಹಾಕಿ ಒಬ್ಬರಾದ ಮೇಲೆ ಒಬ್ಬರು ಬರೆಯುವಂತೆ ಮಾಡಬಹುದು, ನಿಜ. ಆದರೆ ಯಾರೂ ಯಾರ ಜಾಗವನ್ನೂ ಮುಟ್ಟದಂತೆ ಹಂಚುವುದೇ ಸುಲಭ, ಸುರಕ್ಷಿತ. ಒಂದು ಪುಟದ ಚಿತ್ರಕ್ಕೆ ಒಂದು ಪಠ್ಯದ ಫೈಲ್. ಎಲ್ಲ ಮುಗಿದ ಮೇಲೆ ಒಬ್ಬರೇ ಕುಳಿತು ಕ್ರಮವಾಗಿ ಜೋಡಿಸುವುದು.

ಜೋಡಿಸುವಾಗ ಕ್ರಮ ತಪ್ಪದಿರಲು ಹೆಸರುಗಳನ್ನು ಮೊದಲೇ 0001, 0002 ಎಂದು ಸೊನ್ನೆ ತುಂಬಿಸಿ ಇಟ್ಟಿರಬೇಕು. ಇಲ್ಲವಾದರೆ ಅಕ್ಷರಕ್ರಮದಲ್ಲಿ 10ನೆಯ ಪುಟ 2ನೆಯದಕ್ಕಿಂತ ಮೊದಲು ಬರುತ್ತದೆ. ಏಕಕಾಲದ ಕೆಲಸದಲ್ಲಿ ಯಾವ ಪುಟ ಯಾವಾಗ ಮುಗಿಯುತ್ತದೆ ಎಂಬುದಕ್ಕೆ ನೇಮವಿಲ್ಲ. ಹೆಸರೊಂದೇ ಆಧಾರ.

ಪಠ್ಯವನ್ನು ಬರೆಯುವಾಗ ನೇರವಾಗಿ ಕೊನೆಯ ಹೆಸರಿನಲ್ಲಿ ಬರೆಯಬೇಡಿ. ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲೆ ಹೆಸರು ಬದಲಿಸಿ. ಪೈಥಾನ್‌ನಲ್ಲಿ ‘ಓಎಸ್ ರಿಪ್ಲೇಸ್’ ಇದನ್ನು ಒಂದೇ ಏಟಿಗೆ ಮಾಡುತ್ತದೆ. ಹೀಗೆ ಮಾಡಿದರೆ ಕೊನೆಯ ಹೆಸರಿನ ಫೈಲ್ ಇದೆ ಎಂದರೆ ಆ ಪುಟ ಮುಗಿದಿದೆ ಎಂದೇ ಅರ್ಥ. ಪ್ರೋಗ್ರಾಂನ ಮೊದಲಲ್ಲಿ ‘ಪಠ್ಯ ಆಗಲೇ ಇದ್ದರೆ ಈ ಪುಟ ಬಿಡು’ ಎಂಬ ಒಂದು ಸಾಲು ಸೇರಿಸಿ. ಆಮೇಲೆ ಕರೆಂಟ್ ಹೋಗಲಿ, ಲ್ಯಾಪ್‌ಟಾಪ್ ಬ್ಯಾಟರಿ ಮುಗಿಯಲಿ, ಅದೇ ಆಜ್ಞೆಯನ್ನು ಮತ್ತೆ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಎಷ್ಟೋ ಸಲ ಈ ಒಂದು ಸಾಲು ಉಳಿಸಿದಷ್ಟು ಹೊತ್ತನ್ನು ಎಂಟು ಕೋರ್‌ಗಳೂ ಉಳಿಸಲಿಲ್ಲ.

ಒಂದೇ ದೊಡ್ಡ ಫೈಲ್ ಇದ್ದಾಗ

ಕೆಲವೊಮ್ಮೆ ಹಂಚಲು ಹಲವು ಫೈಲ್ ಇರುವುದಿಲ್ಲ. ಹಲವು ಜಿಬಿಯ ಒಂದೇ ಕನ್ನಡ ಪಠ್ಯ ಇರುತ್ತದೆ, ಅದರಲ್ಲಿ ಪದಗಳನ್ನು ಎಣಿಸಬೇಕಿರುತ್ತದೆ. ನಾಲ್ಕು ತುಂಡು ಮಾಡಿ ನಾಲ್ವರಿಗೆ ಕೊಡೋಣ ಎನಿಸುತ್ತದೆ. ಕನ್ನಡಕ್ಕೆ ಇಲ್ಲಿ ಇಂಗ್ಲಿಷಿಗಿಂತ ಹೆಚ್ಚಿನ ಎಚ್ಚರ ಬೇಕು. ಯುಟಿಎಫ್-8ರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಆದರೆ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರ್‌ಗೆ ಅದು ಸ, ವಿರಾಮ, ತ, ವಿರಾಮ, ರ, ದೀರ್ಘದ ಗುಣಿತ ಎಂಬ ಆರು ಸಂಕೇತ, ಒಟ್ಟು 18 ಬೈಟ್. ಫೈಲಿನ ಉದ್ದವನ್ನು ನಾಲ್ಕರಿಂದ ಭಾಗಿಸಿ ಕತ್ತರಿ ಹಾಕಿದರೆ ಅದು ಆ ಹದಿನೆಂಟರ ನಡುವೆಯೂ ಬೀಳಬಹುದು. ಒಂದು ಸಂಕೇತದ ಮೂರು ಬೈಟ್‌ಗಳ ನಡುವೆ ಬಿದ್ದರೆ ಓದುವಾಗ ದೋಷ ಬರುತ್ತದೆ, ಗೊತ್ತಾದರೂ ಆಗುತ್ತದೆ. ಸಂಕೇತಗಳ ನಡುವೆ ಬಿದ್ದರೆ ಯಾವ ದೋಷವೂ ಬರದೆ ಪದವೊಂದು ಎರಡಾಗಿ ಎಣಿಕೆ ಕೆಡುತ್ತದೆ.

ಉಪಾಯ ಸುಲಭ. ಅಂದಾಜು ಕಾಲುಭಾಗಕ್ಕೆ ಹೋಗಿ, ಅಲ್ಲಿಂದ ಮುಂದಿನ ಸಾಲು ಮುರಿಯುವ ಗುರುತು ಸಿಗುವ ತನಕ ಸರಿದು, ಅಲ್ಲಿ ಕತ್ತರಿಸಿ. ಸಾಲು ಮುರಿಯುವ ಬೈಟ್ ಯುಟಿಎಫ್-8ರಲ್ಲಿ ಬೇರೆ ಯಾವ ಅಕ್ಷರದ ಹೊಟ್ಟೆಯೊಳಗೂ ಬರುವುದಿಲ್ಲ; ಆ ಸಂಕೇತ ಪದ್ಧತಿಯನ್ನು ಕಟ್ಟಿದ್ದೇ ಹಾಗೆ. ಪ್ರತಿಯೊಬ್ಬರೂ ತಮ್ಮ ತುಂಡಿನ ಎಣಿಕೆಯನ್ನು ತಾವೇ ಇಟ್ಟುಕೊಂಡು ಕೊನೆಗೊಮ್ಮೆ ಕೂಡಬೇಕು. ಒಂದೊಂದು ಪದಕ್ಕೂ ಎಲ್ಲರೂ ಒಂದೇ ಲೆಕ್ಕದ ಪುಸ್ತಕಕ್ಕೆ ಓಡಿಬಂದರೆ ಮತ್ತೆ ಸರದಿಯೇ ಆಯಿತು.

ಇದಕ್ಕೆ ತದ್ವಿರುದ್ಧವಾದ ತೊಂದರೆ ಡಿಟಿಪಿ ಮಾಡುವವರದ್ದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಸಾವಿರಾರು ಪುಟ್ಟ ಫೈಲ್‌ಗಳನ್ನು ಯೂನಿಕೋಡ್‌ಗೆ ಬದಲಿಸಬೇಕಾಗಿರುತ್ತದೆ. ಒಂದೊಂದು ಫೈಲಿನ ಕೆಲಸ ಕ್ಷಣಮಾತ್ರದ್ದು. ಪ್ರತಿ ಫೈಲಿಗೂ ಹೊಸ ಪ್ರೊಸೆಸ್ ಎಬ್ಬಿಸಿದರೆ ಎಬ್ಬಿಸುವ ಖರ್ಚೇ ಕೆಲಸಕ್ಕಿಂತ ದೊಡ್ಡದು. ನಾಲ್ಕು ಪ್ರೊಸೆಸ್‌ಗಳನ್ನು ಒಮ್ಮೆ ಎಬ್ಬಿಸಿ, ಒಂದೊಂದಕ್ಕೆ ನೂರು ಫೈಲ್‌ಗಳ ಕಟ್ಟನ್ನು ಕೊಡುತ್ತಾ ಹೋಗಿ. ಪೈಥಾನ್‌ನ ಪ್ರೊಸೆಸ್ ಗುಂಪಿನ ‘ಮ್ಯಾಪ್’ಗೆ ‘ಚಂಕ್‌ಸೈಜ್’ ಎಂಬ ಆಯ್ಕೆ ಇರುವುದು ಇದಕ್ಕೇ.

ಎಷ್ಟು ಕೈ ಬೇಕು?

ಕೋರ್ ಇದ್ದಷ್ಟು ಎಂಬುದು ಆರಂಭದ ಉತ್ತರ. ಅದಕ್ಕೆ ಮೊದಲು ಮೆಮೊರಿ ನೋಡಿ. ಎ4 ಪುಟವನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 2480ಕ್ಕೆ 3508, ಅಂದರೆ ಸುಮಾರು 87 ಲಕ್ಷ ಚುಕ್ಕಿಗಳು. ಬಣ್ಣದ ಚಿತ್ರದಲ್ಲಿ ಚುಕ್ಕಿಗೆ ಮೂರು ಬೈಟ್. ಡಿಸ್ಕ್‌ನಲ್ಲಿ ಒಂದೆರಡು ಎಂಬಿ ಇದ್ದ ಜೆಪೆಗ್ ತೆರೆದೊಡನೆ ಮೆಮೊರಿಯಲ್ಲಿ 26 ಎಂಬಿ ಆಗುತ್ತದೆ. 600 ಡಿಪಿಐ ಆದರೆ ಅದರ ನಾಲ್ಕು ಪಟ್ಟು. ಪುಟ ನೇರ ಮಾಡುವುದು, ಕಲೆ ತೆಗೆಯುವುದು ಎನ್ನುತ್ತ ನಾಲ್ಕು ಪ್ರತಿಗಳಾದರೆ ಎಂಟು ಪ್ರೊಸೆಸ್‌ಗಳಿಗೆ ಮೂರು ಜಿಬಿ ಮೀರುತ್ತದೆ. 4 ಜಿಬಿಯ ಯಂತ್ರ ಆಗ ಡಿಸ್ಕನ್ನೇ ಮೆಮೊರಿಯಾಗಿ ಬಳಸತೊಡಗಿ, ಒಂದೊಂದೇ ಪುಟ ಮಾಡುವುದಕ್ಕಿಂತಲೂ ನಿಧಾನವಾಗುತ್ತದೆ.

ತಿರುಗುವ ಹಾರ್ಡ್‌ಡಿಸ್ಕ್‌ನಲ್ಲಿ ಸಂಗ್ರಹ ಇಟ್ಟವರಿಗೂ ಒಂದು ಮಾತಿದೆ. ನಿಮಿಷಕ್ಕೆ 5,400 ಸುತ್ತು ತಿರುಗುವ ಡಿಸ್ಕ್ ಒಂದು ಸುತ್ತಿಗೆ 11 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅದರ ಮೇಲೆ ಓದುವ ತಲೆ ಜಾಗಕ್ಕೆ ಸರಿಯುವ ಹೊತ್ತು ಬೇರೆ. ಓಸಿಆರ್‌ಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಫೈಲ್‌ಗಳು ಕೆಟ್ಟಿಲ್ಲವೆಂದು ನೋಡಲು ಚೆಕ್‌ಸಮ್ ತೆಗೆಯುವಾಗ ಓದುವುದೇ ಎಲ್ಲ. ಎಂಟು ಮಂದಿ ಎಂಟು ಕಡೆಯಿಂದ ಕೇಳಿದರೆ ಆ ಒಂದು ತಲೆ ಅತ್ತಿಂದಿತ್ತ ಓಡಾಡಿ ದಣಿಯುತ್ತದೆ. ಅಲ್ಲಿ ಒಬ್ಬರೇ ಓದುವುದು ಮೇಲು, ಹೆಚ್ಚೆಂದರೆ ಇಬ್ಬರು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲದ ಕಾರಣ ಹಲವರು ಕೇಳಿದರೂ ಅದು ಒಟ್ಟಿಗೆ ಉತ್ತರಿಸುತ್ತದೆ.

ಇನ್ನು ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿ ಎತ್ತಿ ತೋರಿಸಿದ ಮಿತಿ. ಒಟ್ಟು 4 ಗಂಟೆ ಹಿಡಿಯುವ ಇನ್ನೊಂದು ಕೆಲಸದಲ್ಲಿ 24 ನಿಮಿಷ ಜೋಡಿಸುವುದಕ್ಕೂ ಜಿಪ್ ಮಾಡುವುದಕ್ಕೂ ಹೋಗುತ್ತದೆ, ಅದನ್ನು ಹಂಚಲಾಗದು ಎಂದುಕೊಳ್ಳಿ. ಉಳಿದ 216 ನಿಮಿಷವನ್ನು ನಾಲ್ಕು ಕೋರ್‌ಗೆ ಹಂಚಿದರೆ 54. ಒಟ್ಟು 78 ನಿಮಿಷ. ಎಂಟಕ್ಕೆ ಹಂಚಿದರೆ 27, ಒಟ್ಟು 51. ಕೋರ್ ಎರಡು ಪಟ್ಟಾದರೂ ಉಳಿದದ್ದು 27 ನಿಮಿಷ. ನೂರು ಕೋರ್ ತಂದರೂ 24ರ ಕೆಳಗೆ ಇಳಿಯುವುದಿಲ್ಲ. ಆಗ ಕೈ ಹಾಕಬೇಕಾದ್ದು ಆ 24 ನಿಮಿಷಕ್ಕೆ: ಜೆಪೆಗ್ ಮೊದಲೇ ಒತ್ತಿದ ಚಿತ್ರ, ಅದನ್ನು ಜಿಪ್‌ನಲ್ಲಿ ಮತ್ತೆ ಒತ್ತುವುದು ವ್ಯರ್ಥ, ಒತ್ತದೆ ಬರೀ ಕಟ್ಟಿಡಿ.

ನಿಮ್ಮ ಯಂತ್ರಕ್ಕೆ ಸರಿಯಾದ ಸಂಖ್ಯೆಯನ್ನು ನಿಮ್ಮ ಪುಟಗಳೇ ಹೇಳಬೇಕು. ಎರಡು, ನಾಲ್ಕು, ಆರು, ಎಂಟು ಎಂದು ಒಂದೊಂದಕ್ಕೂ ಹತ್ತು ನಿಮಿಷ ಓಡಿಸಿ, ಎಷ್ಟು ಪುಟ ಮುಗಿದವು ಎಂದು ಬರೆದುಕೊಳ್ಳಿ. ಒಂದೇ ನಿಮಿಷದ ಪರೀಕ್ಷೆ ಸಾಲದು. ಲ್ಯಾಪ್‌ಟಾಪ್ ಬಿಸಿಯೇರಿದ ಮೇಲೆ ಪ್ರೊಸೆಸರ್ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ಸಿಸ್ಟಂ ಎಂಟು ಎಂದು ತೋರಿಸಿದರೂ ನಿಜವಾದ ಕೋರ್ ನಾಲ್ಕೇ ಇರಬಹುದು, ಒಂದೊಂದೂ ಎರಡೆಂದು ಲೆಕ್ಕಕ್ಕೆ ಬಂದಿರಬಹುದು. ನಾಲ್ಕರಿಂದ ಎಂಟಕ್ಕೆ ಹೋದಾಗ ಲಾಭ ಕಾಣದಿದ್ದರೆ ನಾಲ್ಕಕ್ಕೇ ನಿಲ್ಲಿಸಿ.

ಕೆಲಸ ಮುಗಿದ ಮೇಲೆ ಚಿತ್ರಗಳನ್ನೂ ಪಠ್ಯಗಳನ್ನೂ ಎಣಿಸಿ; ಎರಡೂ 2,400 ಇರಬೇಕು. ಖಾಲಿ ಪಠ್ಯಗಳನ್ನು ಹುಡುಕಿ ಆ ಪುಟಗಳನ್ನು ಕಣ್ಣಾರೆ ನೋಡಿ. ಕೆಲವು ನಿಜವಾಗಿ ಖಾಲಿ ಹಾಳೆಗಳಿರುತ್ತವೆ, ಕೆಲವು ಕೆಟ್ಟದಾಗಿ ಸ್ಕ್ಯಾನ್ ಆದವು. ಕೊನೆಗೆ ಪ್ರತಿ ಪುಸ್ತಕದಿಂದಲೂ ಎರಡು ಮೂರು ಪುಟ ತೆಗೆದು, ಚಿತ್ರವನ್ನು ಎಡಕ್ಕೆ, ಪಠ್ಯವನ್ನು ಬಲಕ್ಕೆ ಇಟ್ಟುಕೊಂಡು, ಸಾಲು ಸಾಲಾಗಿ ಓದಿ.